ಸಾವಿನ ಪಟ್ಟಿಯಿಂದ ಹುಟ್ಟಿದ ಗಣಿತ

ಇಪ್ಪತ್ತರ ತರುಣನಿಗೂ ನಲವತ್ತೈದರ ಗೃಹಸ್ಥನಿಗೂ ವಿಮೆಯ ಕಂತು ಒಂದೇ ಆದರೆ ಅದು ನ್ಯಾಯವೇ? ‘ಆಕ್ಚುಯರಿ’, ಅಂದರೆ ವಿಮಾಗಣಕನ ವೃತ್ತಿಗೆ ಮೂಲವಾದದ್ದು ಈ ಪ್ರಶ್ನೆ.

1706ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಅಮಿಕಬಲ್ ಸೊಸೈಟಿ ವಯಸ್ಸು ನೋಡದೆ ಎಲ್ಲ ಸದಸ್ಯರಿಂದ ಒಂದೇ ವಂತಿಗೆ ಪಡೆಯುತ್ತಿತ್ತು. ನಷ್ಟ ತಪ್ಪಿಸಿಕೊಳ್ಳಲು 45 ವರ್ಷ ದಾಟಿದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗೆ ಬರಿಗೈಲಿ ಮರಳಿದವರಲ್ಲಿ ಗಣಿತದ ಮೇಷ್ಟರಾಗಿದ್ದ ಜೇಮ್ಸ್ ಡಾಡ್ಸನ್ ಕೂಡ ಒಬ್ಬರು.

ವಯಸ್ಸಿಗೆ ತಕ್ಕಂತೆ ಕಂತು ಗೊತ್ತುಮಾಡಿದರೆ ಯಾರನ್ನೂ ಹೊರಗಿಡಬೇಕಿಲ್ಲ ಎಂದು ಡಾಡ್ಸನ್ ಲೆಕ್ಕ ಹಾಕಿದರು. ಇದಕ್ಕೆ ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆಂಬ ಪಟ್ಟಿ ಬೇಕು. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲೇ ಅಂಥದೊಂದನ್ನು ಬ್ರೆಸ್ಲಾವ್ ನಗರದ ಜನನ-ಮರಣ ದಾಖಲೆಗಳಿಂದ ರಚಿಸಿದ್ದರು. ಡಾಡ್ಸನ್ ಲಂಡನ್ನಿನ ಮರಣ ದಾಖಲೆಗಳನ್ನು ಆಧರಿಸಿದರು. ಅವರ ಯೋಜನೆಯಲ್ಲಿ ಸೇರಿದ ದಿನದ ಕಂತು ಕೊನೆಯವರೆಗೂ ಬದಲಾಗದು. ಯೌವನದಲ್ಲಿ ಕಟ್ಟಿದ ಹೆಚ್ಚುವರಿ ಹಣ ಬಡ್ಡಿಯೊಡನೆ ಬೆಳೆದು, ಮುಪ್ಪಿನ ಕೊರತೆ ತುಂಬುತ್ತದೆ.

1757ರಲ್ಲಿ ಡಾಡ್ಸನ್ ತೀರಿಕೊಂಡರು. ಅವರ ಯೋಜನೆಯನ್ನು ಕೈಗೆತ್ತಿಕೊಂಡವರು ರಾಜಸನದು ಬೇಡಿದಾಗ, ಬರೀ ಪಟ್ಟಿಯ ಲೆಕ್ಕ ನಂಬಲರ್ಹವಲ್ಲವೆಂದು 1761ರಲ್ಲಿ ಸರ್ಕಾರದ ಕಾನೂನು ಅಧಿಕಾರಿಗಳು ಒಪ್ಪಲಿಲ್ಲ. ಆದರೂ 1762ರಲ್ಲಿ ಸನದಿಲ್ಲದೆಯೇ ಈಕ್ವಿಟಬಲ್ ಸೊಸೈಟಿ ಆರಂಭವಾಯಿತು. ಅದರ ಮುಖ್ಯಾಧಿಕಾರಿಗೆ ಕೊಟ್ಟ ಹೆಸರೇ ‘ಆಕ್ಚುಯರಿ’.

ಡಾಡ್ಸನ್ನರ ಮರಿಮಗ ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ಮದುರೆಯಲ್ಲಿ. 1828ರಲ್ಲಿ ಲಂಡನ್ನಿನ ಹೊಸ ವಿಶ್ವವಿದ್ಯಾಲಯದಲ್ಲಿ ಗಣಿತ ಪ್ರಾಧ್ಯಾಪಕರಾದ ಅವರು, ಸಂಭವನೀಯತೆ ಮತ್ತು ಜೀವವಿಮೆಯ ಬಗೆಗೆ 1838ರಲ್ಲಿ ಪುಸ್ತಕ ಬರೆದರು. 1848ರಲ್ಲಿ ಲಂಡನ್ನಿನಲ್ಲಿ ವಿಮಾಗಣಕರ ಸಂಸ್ಥೆಯೇ ಹುಟ್ಟಿಕೊಂಡಿತು. ಭಾರತದಲ್ಲಿ ಈ ವೃತ್ತಿಗೆ ಪ್ರತ್ಯೇಕ ಕಾಯಿದೆ ಬಂದದ್ದು 2006ರಲ್ಲಿ.

ಲೆಕ್ಕದ ಬಲದಿಂದ ಎದ್ದು ನಿಂತ ಈಕ್ವಿಟಬಲ್ ಲೆಕ್ಕದಲ್ಲೇ ಎಡವಿತು. ನಿವೃತ್ತರಿಗೆ ಇಂತಿಷ್ಟು ವರ್ಷಾಶನ ಖಚಿತವೆಂದು ಅದು ಬಹುಕಾಲ ಮಾತು ಕೊಟ್ಟಿತ್ತು. ಮುಂದೆ ಬಡ್ಡಿದರ ಇಳಿಯಿತು, ಜನರ ಆಯಸ್ಸು ಬೆಳೆಯಿತು, ಹೊರೆ ಏರಿತು. ಕೊಟ್ಟ ಮಾತು ನಡೆಸಲೇಬೇಕೆಂದು 2000ದ ಜುಲೈನಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ತೀರ್ಪಿತ್ತಿತು. ಅದೇ ಡಿಸೆಂಬರಿನಲ್ಲಿ ಸಂಸ್ಥೆ ಹೊಸ ವ್ಯವಹಾರ ನಿಲ್ಲಿಸಿತು.

ಚಕ್ರಬಡ್ಡಿ, ಸಂಭವನೀಯತೆ, ಮರಣ ಪಟ್ಟಿಗಳನ್ನು ಇಂದು ಅಭ್ಯಾಸ ಮಾಡುವ ವಿದ್ಯಾರ್ಥಿ ಈ ಕಥೆಯನ್ನೂ ಓದಬೇಕು. ಪಟ್ಟಿ ಹೇಳುವುದು ಕಳೆದುಹೋದ ಕಾಲವನ್ನು. ವಿಮೆ ಮಾತು ಕೊಡುವುದು ಬರಲಿರುವ ಕಾಲಕ್ಕೆ. ಈ ಎರಡರ ನಡುವಿನ ಅಂತರವನ್ನು ಮತ್ತೆ ಮತ್ತೆ ಅಳೆಯುವುದೇ ಅವನ ಕಸುಬು.