ಗೆಣಸಿನ ತಿರುಳು, ಒಲೆ ಮತ್ತು ಮೈಕಾಂತಿ: ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಆಹಾರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಬೇಲೂರು ದೇಗುಲದ ಶಿಲಾಬಾಲಿಕೆ ದರ್ಪಣಸುಂದರಿ ಗೆಣಸು ತಿಂದವಳಲ್ಲ. ಹೊಯ್ಸಳ ದೊರೆ ವಿಷ್ಣುವರ್ಧನ ಅಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ನಾವಿಂದು ಸಿಹಿಗೆಣಸು ಎನ್ನುವ ಐಪೋಮಿಯಾ ಬಟಾಟಾಸ್ ಆಗಿನ್ನೂ ಅಮೆರಿಕ ಖಂಡ ಮತ್ತು ಪೆಸಿಫಿಕ್ ದ್ವೀಪಗಳಾಚೆಗೆ ಹಬ್ಬಿರಲಿಲ್ಲ. ಅದು ಭಾರತಕ್ಕೆ ಬಂದದ್ದು 16ನೆಯ ಶತಮಾನದಲ್ಲಿ, ಪೋರ್ಚುಗೀಸರ ಹಡಗುಗಳ ಮೂಲಕ. ಹಾಗಾಗಿ 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದ ಕಾಲಕ್ಕಾಗಲಿ, 1130ರ ಆಸುಪಾಸಿನ ಸೋಮೇಶ್ವರನ 'ಮಾನಸೋಲ್ಲಾಸ'ದ ಕಾಲಕ್ಕಾಗಲಿ, ಸುಮಾರು 1508ರಲ್ಲಿ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ'ದ ಕಾಲಕ್ಕಾಗಲಿ ಈ ಗಡ್ಡೆ ಕನ್ನಡ ನಾಡಿನ ಅಡುಗೆಮನೆಯಲ್ಲಿ ಇದ್ದಿರಲಾರದು. ಹಳೆಯ ಪಠ್ಯಗಳಲ್ಲಿ ಗೆಣಸು ಎಂದು ಎಲ್ಲಿಯಾದರೂ ಕಂಡರೆ ಅದನ್ನು ಹೆಗ್ಗೆಣಸು, ಕಾಡುಗೆಣಸುಗಳ ಡಯೋಸ್ಕೋರಿಯ ಕುಲಕ್ಕೆ ಸೇರಿಸಿ ಓದಬೇಕು. 'ಪೂರ್ವಿಕರ ಸೌಂದರ್ಯದ ಗುಟ್ಟು' ಎಂದು ಸಿಹಿಗೆಣಸನ್ನು ಹೊಯ್ಸಳರ ಊರುಗಳಿಗೆ ಗಂಟುಹಾಕುವ ಜನಪ್ರಿಯ ಬರಹಗಳಿಗೆ ಇತಿಹಾಸದ ಆಧಾರವಿಲ್ಲ.

ಬಂದದ್ದು ತಡವಾದರೂ ಈ ಗಡ್ಡೆ ಇಲ್ಲಿ ಊರಿದ್ದು ಗಟ್ಟಿಯಾಗಿಯೇ. ಹಳೆ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯೆಂದರೆ ಎಳ್ಳು-ಬೆಲ್ಲ, ಕಬ್ಬಿನ ಜೊತೆಗೆ ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಗೆಣಸು. ಶಿವರಾತ್ರಿಯ ಉಪವಾಸದಲ್ಲೂ ಅದಕ್ಕೆ ಜಾಗವಿದೆ. ಹಾಗೆಂದು ಇದು ಇಲ್ಲಿನ ಮುಖ್ಯ ಬೆಳೆಯೇನಲ್ಲ. ಕರ್ನಾಟಕದಲ್ಲಿ ಗೆಣಸಿಗೆ ಹೆಸರಾದದ್ದು ಬೆಳಗಾವಿ. ಹಾಸನ ಜಿಲ್ಲೆ ಹೆಸರಾದದ್ದು ಆಲೂಗಡ್ಡೆಗೆ. ಅರಸೀಕೆರೆಯ ಬಯಲಲ್ಲಿ ರಾಗಿ ಮತ್ತು ತೆಂಗು, ಬೇಲೂರಿನ ಅರೆಮಲೆನಾಡಿನಲ್ಲಿ ಭತ್ತ ಮತ್ತು ಕಾಫಿ. ಇವುಗಳ ನಡುವೆ ಗೆಣಸು ಚಳಿಗಾಲದ ತಿನಿಸಾಗಿ ಸಂತೆಗೆ ಬಂದು ಹೋಗುತ್ತದೆ. ಆರೋಗ್ಯದ ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು. ವರ್ಷದಲ್ಲಿ ಕೆಲವು ವಾರ ಮಾತ್ರ ತಿನ್ನುವ ಪದಾರ್ಥದಿಂದ ವರ್ಷವಿಡೀ ಫಲ ನಿರೀಕ್ಷಿಸುವಂತಿಲ್ಲ.

ಗೆಣಸು ಒಳ್ಳೆಯದೇ ಎಂದು ಕೇಳುವ ಬದಲು ಯಾವ ಗೆಣಸು, ಹೇಗೆ ಬೇಯಿಸಿದ್ದು, ಯಾವುದರ ಜೊತೆ ತಿಂದದ್ದು ಎಂದು ಕೇಳಬೇಕೆಂಬುದು ಈ ಲೇಖನದ ವಾದ.

ಮೊದಲು ತಿರುಳಿನ ಬಣ್ಣ. ಗೆಣಸಿನ ಖ್ಯಾತಿಯ ಬಹುಪಾಲು ನಿಂತಿರುವುದು ಬೀಟಾ ಕೆರೋಟಿನ್ ಮೇಲೆ, ಅಂದರೆ ದೇಹ ಎ ಜೀವಸತ್ವವಾಗಿ ಪರಿವರ್ತಿಸಿಕೊಳ್ಳುವ ಕಿತ್ತಳೆ ವರ್ಣದ್ರವ್ಯದ ಮೇಲೆ. ಅದಿರುವುದು ತಿರುಳಿನಲ್ಲಿ, ಸಿಪ್ಪೆ ಕೆಂಪಾಗಿದ್ದರೆ ತಿರುಳಿಗೂ ಆ ಗುಣ ಬಂದಿತೆಂದಲ್ಲ. ನಮ್ಮ ಸಂತೆಗಳಲ್ಲಿ ಹೆಚ್ಚಾಗಿ ಸಿಗುವುದು ಕೆಂಪು ಸಿಪ್ಪೆಯ, ಬಿಳಿ ಅಥವಾ ಕೆನೆಬಣ್ಣದ ತಿರುಳಿನ ಗೆಣಸು. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಹೊರತಂದ 'ಭೂ ಸೋನಾ' ತಳಿಯ 100 ಗ್ರಾಂ ಗಡ್ಡೆಯಲ್ಲಿ ಸುಮಾರು 14 ಮಿಲಿಗ್ರಾಂ ಬೀಟಾ ಕೆರೋಟಿನ್ ಇದೆ. ಬಳಕೆಯಲ್ಲಿರುವ ತಳಿಗಳಲ್ಲಿ 2ರಿಂದ 3 ಮಿಲಿಗ್ರಾಂ. ಅಪ್ಪಟ ಬಿಳಿ ತಿರುಳಿನಲ್ಲಿ ಅದು ಇಲ್ಲವೆಂದರೂ ಸರಿಯೇ. ಹನ್ನೆರಡು ಪಾಲು ಕೆರೋಟಿನ್‌ಗೆ ಒಂದು ಪಾಲು ಎ ಜೀವಸತ್ವ ಎಂಬ ಬಿಗಿಯಾದ ಲೆಕ್ಕವನ್ನೇ ಹಿಡಿದರೂ ಭೂ ಸೋನಾದ 100 ಗ್ರಾಂ ವಯಸ್ಕರ ಒಂದು ದಿನದ ಅಗತ್ಯವನ್ನು ಪೂರೈಸುತ್ತದೆ.

ಈ ವ್ಯತ್ಯಾಸ ಕಾಗದದ ಮೇಲಿನದಲ್ಲ. 2005ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕದ ಅಧ್ಯಯನವೊಂದರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಒಂದು ಗುಂಪಿಗೆ 53 ಶಾಲಾದಿನ 125 ಗ್ರಾಂ ಬೇಯಿಸಿದ ಕಿತ್ತಳೆ ಗೆಣಸನ್ನು, ಇನ್ನೊಂದು ಗುಂಪಿಗೆ ಅಷ್ಟೇ ಬಿಳಿ ಗೆಣಸನ್ನು ಕೊಟ್ಟರು. ಯಕೃತ್ತಿನ ಎ ಜೀವಸತ್ವದ ಸಂಗ್ರಹ ಸುಧಾರಿಸಿದ್ದು ಮೊದಲ ಗುಂಪಿನಲ್ಲಿ. ಎರಡೂ ಗುಂಪುಗಳು ತಿಂದದ್ದು ಗೆಣಸನ್ನೇ ಎಂಬುದನ್ನು ಗಮನಿಸಬೇಕು. ಬಿಳಿ ಗೆಣಸು ನಿಷ್ಪ್ರಯೋಜಕವೇನಲ್ಲ. ಪಿಷ್ಟ, ನಾರು, ಪೊಟ್ಯಾಸಿಯಂ ಅದರಲ್ಲೂ ಇವೆ, ಹಸಿವೂ ತಣಿಯುತ್ತದೆ. ಆದರೆ ಎ ಜೀವಸತ್ವದ ಕೊರತೆಯಿಂದ ಬರುವ ಇರುಳುಗಣ್ಣಿಗೆ ಮದ್ದೆಂದು ಅದನ್ನು ಹೊಗಳುವುದು ತಪ್ಪು.

ಇನ್ನು ಒಲೆಯ ವಿಷಯ. ಕೆಂಡದಲ್ಲಿ ಸುಟ್ಟ ಗೆಣಸು ಬೇಯಿಸಿದ್ದಕ್ಕಿಂತ ಸಿಹಿ ಎಂಬುದು ಹೊಲದಲ್ಲಿ ಬೆಂಕಿ ಹಾಕಿ ಕೂತವರಿಗೆಲ್ಲ ಗೊತ್ತು. ಗಡ್ಡೆ ನಿಧಾನವಾಗಿ ಕಾಯುವಾಗ ಅದರೊಳಗಿನ ಬೀಟಾ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುತ್ತದೆ. ಜೊತೆಗೆ ನೀರು ಆರಿ ಸಿಹಿ ಗಟ್ಟಿಯಾಗುತ್ತದೆ. ನಾಲಿಗೆಗೆ ಲಾಭವಾದದ್ದು ರಕ್ತದ ಸಕ್ಕರೆಗೆ ಲಾಭವಲ್ಲ. ಜಮೈಕದ ಹತ್ತು ತಳಿಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೀರಿನಲ್ಲಿ ಬೇಯಿಸಿದ ಗೆಣಸಿನ ಗ್ಲೈಸೀಮಿಕ್ ಸೂಚ್ಯಂಕ, ಅಂದರೆ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂಬುದರ ಅಳತೆ, 41ರಿಂದ 50ರವರೆಗೆ ಇತ್ತು. ಸುಟ್ಟದ್ದರಲ್ಲಿ 79ರಿಂದ 93. ಅದೇ ಗಡ್ಡೆ, ಬೇರೆ ಆಹಾರ. ಸಕ್ಕರೆ ಕಾಯಿಲೆಯವರು ಗೆಣಸು ತಿನ್ನಬಹುದೇ ಎಂಬ ಪ್ರಶ್ನೆಗೆ ಒಂದೇ ಪದದ ಉತ್ತರ ಕೊಡುವವರನ್ನು ನಂಬದಿರುವುದು ಲೇಸು. ಗೆಣಸೇ ಆ ಕಾಯಿಲೆಗೆ ಔಷಧವೆಂಬ ಮಾತನ್ನಂತೂ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2013ರ ಕಾಕ್ರೇನ್ ವಿಮರ್ಶೆ ಒಪ್ಪಲಿಲ್ಲ. ಅದಕ್ಕೆ ಸಿಕ್ಕದ್ದು ಮೂರೇ ಪ್ರಯೋಗ, ಒಟ್ಟು 140 ಜನ. ಪುರಾವೆ ಸಾಲದೆಂದು ಅದು ತೀರ್ಮಾನಿಸಿತು.

ಮೂರನೆಯದು ಜೊತೆಯ ಪದಾರ್ಥ. ಇಲ್ಲಿ ಅರಸೀಕೆರೆಯ ತೆಂಗಿಗೆ ಕೆಲಸವಿದೆ. ಕೆರೋಟಿನ್ ಕರಗುವುದು ಜಿಡ್ಡಿನಲ್ಲಿ, ನೀರಿನಲ್ಲಲ್ಲ. ಊಟದಲ್ಲಿ ಮೂರರಿಂದ ಐದು ಗ್ರಾಂ ಜಿಡ್ಡಿದ್ದರೆ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ ಎಂಬುದು ಪೌಷ್ಟಿಕತಜ್ಞರು ಸಾಮಾನ್ಯವಾಗಿ ಒಪ್ಪಿದ ಮಾತು. ಹತ್ತು ಗ್ರಾಂ ಹಸಿ ಕಾಯಿತುರಿಯಲ್ಲಿ ಮೂರು ಗ್ರಾಂಗೂ ತುಸು ಹೆಚ್ಚು ಜಿಡ್ಡಿದೆ. ಬೇಯಿಸಿದ ಗೆಣಸಿನ ಮೇಲೆ ಕಾಯಿತುರಿ ಉದುರಿಸುವ ಮನೆಯವರು ರುಚಿಗೆಂದು ಮಾಡಿದ್ದು ಪೋಷಣೆಯ ದೃಷ್ಟಿಯಿಂದಲೂ ಸರಿಯಾಗಿದೆ. ಜೊತೆಗೆ ಬೆಲ್ಲ ಸುರಿಯುವುದಕ್ಕೆ ನಾನು ಅಂಥ ಸಮರ್ಥನೆ ಹುಡುಕಲಾರೆ. ಗೆಣಸಿನ ಹೋಳಿಗೆಯನ್ನು ಹೋಳಿಗೆಯೆಂದೇ ತಿನ್ನೋಣ.

ಸೌಂದರ್ಯದ ಮಾತಿಗೆ ಆಧಾರವೇ ಇಲ್ಲವೆಂದಲ್ಲ, ಆದರೆ ಅದು ಜಾಹೀರಾತಿನಷ್ಟು ಅಗಲವಾದದ್ದಲ್ಲ. ಎ ಜೀವಸತ್ವದ ಕೊರತೆಯಾದಾಗ ಚರ್ಮ ಒಣಗಿ ಒರಟಾಗುತ್ತದೆ. ಕೊರತೆ ನೀಗಿದಾಗ ಸರಿಹೋಗುತ್ತದೆ. ಕೊರತೆಯಿಲ್ಲದವರ ಚರ್ಮಕ್ಕೆ ಇದೇ ಲಾಭ ಸಿಗುವುದೆಂದು ಊಹಿಸಲಾಗದು. ಕೆರೋಟಿನ್ ಚರ್ಮದಲ್ಲಿ ಸಂಗ್ರಹವಾಗಿ ತೆಳು ಹೊಂಬಣ್ಣ ಕೊಡುವುದು, ಆ ಬಣ್ಣವನ್ನು ನೋಡುಗರು ಆರೋಗ್ಯದ ಲಕ್ಷಣವೆಂದು ಗ್ರಹಿಸುವುದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಡೇವಿಡ್ ಪೆರೆಟ್ ಮತ್ತು ಸಹೋದ್ಯೋಗಿಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಅಲ್ಲಿ ಭಾಗವಹಿಸಿದವರು ಹೆಚ್ಚಾಗಿ ಬಿಳಿ ಮೈಬಣ್ಣದವರು. ನಮ್ಮ ಗೋಧಿ, ಎಣ್ಣೆಗೆಂಪು ಮೈಬಣ್ಣಗಳಿಗೆ ಅದನ್ನು ಹಾಗೆಯೇ ಅನ್ವಯಿಸುವುದು ಆತುರ. ಬೀಟಾ ಕೆರೋಟಿನ್ ಬಿಸಿಲಿನ ಸುಡುವಿಕೆಯಿಂದ ಅಲ್ಪಸ್ವಲ್ಪ ರಕ್ಷಿಸುತ್ತದೆಂದು 2008ರ ಸಮಗ್ರ ವಿಶ್ಲೇಷಣೆಯೊಂದು ಹೇಳಿತು, ಆದರೆ ಕನಿಷ್ಠ ಹತ್ತು ವಾರ ಬಿಡದೆ ಸೇವಿಸಿದರೆ ಮಾತ್ರ. ಸಂಕ್ರಾಂತಿಯ ಒಂದು ತಟ್ಟೆ ಗೆಣಸಿನಿಂದ ಆಗುವ ಕೆಲಸವಲ್ಲ ಅದು. ನೇರಳೆ ತಿರುಳಿನ 'ಭೂ ಕೃಷ್ಣ' ತಳಿಯ ಆಂಥೋಸಯನಿನ್ ಎಂಬ ವರ್ಣದ್ರವ್ಯ ಸುಕ್ಕು ತಡೆಯುತ್ತದೆಂಬ ಮಾತುಗಳಿಗೆ ಇರುವ ಆಧಾರ ಬಹುಮಟ್ಟಿಗೆ ಪ್ರಯೋಗಾಲಯದ ಜೀವಕೋಶ ಮತ್ತು ಇಲಿಗಳಿಗೆ ಸೀಮಿತ.

ಮೈಕಾಂತಿಗೆಂದು ಕೆರೋಟಿನ್ ಗುಳಿಗೆ ನುಂಗಹೊರಟವರಿಗೆ ಫಿನ್ಲೆಂಡಿನ ಅನುಭವ ನೆನಪಿಸಬೇಕು. 29,133 ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ಗಡ್ಡೆ ತಿಂದು ಇಂಥ ಅಪಾಯವಾದ ದಾಖಲೆಯಿಲ್ಲ. ಅತಿಯಾಗಿ ತಿಂದರೆ ಅಂಗೈ ಹಳದಿಯಾಗಿ, ಬಿಟ್ಟರೆ ಮಾಯುತ್ತದೆ. ಗಡ್ಡೆಯ ನಿಜವಾದ ಅಪಾಯ ಬೇರೆ ಕಡೆಯಿದೆ. ಮೂತಿಹುಳು ಕೊರೆದ ಗೆಣಸು ಕಹಿಯಾಗುತ್ತದೆ. ಗಡ್ಡೆ ತನ್ನ ರಕ್ಷಣೆಗೆಂದು ತಯಾರಿಸಿಕೊಳ್ಳುವ ಆ ಕಹಿ ವಿಷಕಾರಿ, ಬೇಯಿಸಿದರೂ ಹೋಗದು. ಬೂಷ್ಟು ಹಿಡಿದ ಗೆಣಸಿನಿಂದ ದನಗಳ ಶ್ವಾಸಕೋಶ ಕೆಟ್ಟು ಸತ್ತ ಪ್ರಕರಣಗಳು ಪಶುವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಕೆಟ್ಟದ್ದನ್ನು ಕೊಟ್ಟಿಗೆಗೆ ಎಸೆಯುವ ಅಭ್ಯಾಸವನ್ನು ಇಲ್ಲಿಯೂ ಬಿಡಬೇಕು. ಹಸಿರು ಬಳ್ಳಿ ಮೇವಾಗಿ ಒಳ್ಳೆಯದೇ.

ಹಾಗಾದರೆ ಕಿತ್ತಳೆ ತಳಿಯನ್ನು ಈ ಸೀಮೆಗೆ ತರಬಹುದೇ? ತೆಂಗಿನ ತೋಟದಲ್ಲಿ, ಬಿಸಿಲು ನೆಲಕ್ಕೆ ಬೀಳುವ ಎಳೆಯ ಅಥವಾ ಹಳೆಯ ಮರಗಳ ನಡುವೆ, ಗೆಣಸು ಮಿಶ್ರಬೆಳೆಯಾಗಿ ಬರುತ್ತದೆ. ಬಳ್ಳಿಯ ತುಂಡು ನೆಟ್ಟರಾಯಿತು, ಬೀಜದ ಖರ್ಚಿಲ್ಲ. ತೊಡಕಿರುವುದು ಬಾಯಿಯಲ್ಲಿ. ಕಿತ್ತಳೆ ತಳಿಗಳಲ್ಲಿ ಸಾಮಾನ್ಯವಾಗಿ ಪಿಷ್ಟ ಕಡಿಮೆ, ನೀರು ಹೆಚ್ಚು, ಬೆಂದರೆ ಮೆತ್ತಗಾಗುತ್ತವೆ. ನಮ್ಮವರು ಒಳ್ಳೆಯ ಗೆಣಸೆನ್ನುವುದು ಹಿಟ್ಟುಹಿಟ್ಟಾಗಿ ಬಿರಿಯುವುದನ್ನು. ಆಫ್ರಿಕದಲ್ಲೂ ಇದೇ ತಕರಾರು ಎದುರಾಗಿತ್ತು. ಅಲ್ಲಿ ಮರಿಯಾ ಆಂಡ್ರೇಡ್, ರಾಬರ್ಟ್ ಮ್ವಾಂಗಾ ಅವರಂಥ ತಳಿವಿಜ್ಞಾನಿಗಳು ಕೆರೋಟಿನ್ ಜೊತೆಗೆ ಬರ ತಡೆಯುವ, ಊರಿನವರ ಬಾಯಿಗೆ ಹಿಡಿಸುವ ತಳಿಗಳನ್ನು ಆರಿಸಿದರು. ಜಾನ್ ಲೋ, ಹೊವಾರ್ತ್ ಬೂಯಿಸ್ ಅವರೊಂದಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಸಂದಿತು. ಅರಸೀಕೆರೆಯಲ್ಲಿ ಭೂ ಸೋನಾ ಪ್ರಯತ್ನಿಸುವವರು ಇಳುವರಿಯ ಜೊತೆಗೆ, ಸಂಕ್ರಾಂತಿಗೆ ಮೊದಲೇ, ನಾಲ್ಕು ಮನೆಗಳ ಅಡುಗೆಯವರಿಗೆ ಅದನ್ನು ಬೇಯಿಸಲು ಕೊಟ್ಟು ಅವರ ಅಭಿಪ್ರಾಯವನ್ನೂ ಬರೆದಿಟ್ಟುಕೊಳ್ಳಬೇಕು.