ಬಟಾಟಾ, ಆಲೂ, ಆಲೂಗಡ್ಡೆ

ನಮ್ಮ ಕೊಂಢವಾದ ತರಕಾರಿ ಗಾಡಿಯವರು ಇದನ್ನು ‘ಬಟಾಟಾ’ ಅಂತಾರೆ. ಮನೆಯ ಉರ್ದುವಿನಲ್ಲಿ ‘ಆಲೂ’, ನಾನು ಓದಿದ ಕನ್ನಡ ಪಾಠದಲ್ಲಿ ‘ಆಲೂಗಡ್ಡೆ’. ಮೂರೂ ಭಾಷೆಯವರು ತಮ್ಮದೇ ಅಂದುಕೊಂಡ ಈ ಗೆಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳದ್ದು. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಬೆಳೆಯುತ್ತಿದ್ದರು. 16ನೇ ಶತಮಾನದಲ್ಲಿ ಸ್ಪೇನಿನವರು ಯುರೋಪಿಗೆ ಒಯ್ದರು. ‘ಬಟಾಟಾ’ ಎಂಬ ಹೆಸರು ನಮಗೆ ಪೋರ್ಚುಗೀಸರಿಂದ ಬಂತು.

ತುಂಡು ನೆಲದಲ್ಲೂ ಸಂಸಾರದ ಹೊಟ್ಟೆ ತುಂಬಿಸುವ ಬೆಳೆ ಇದು. ಹಾಗಾಗಿ ಐರ್ಲೆಂಡಿನ ಬಡವರಿಗೆ ಇದೇ ಊಟವಾಯಿತು, ಅದೂ ಹೆಚ್ಚಾಗಿ ‘ಲಂಪರ್’ ಎಂಬ ಒಂದೇ ತಳಿ. 1845ರಲ್ಲಿ ಅಂಗಮಾರಿ ರೋಗ ತಗುಲಿ ಗೆಡ್ಡೆಗಳು ಕೊಳೆತವು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಲಕ್ಷಾಂತರ ಜನ ದೇಶ ಬಿಟ್ಟರು. ಆಗಲೂ ಅಲ್ಲಿಂದ ಧಾನ್ಯ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಊರಲ್ಲಿ ಅನ್ನವಿತ್ತು, ಬಡವನ ಕೈಯಲ್ಲಿ ಕಾಸಿರಲಿಲ್ಲ.

ಇದು ದೂರದ ಕಥೆಯೇನಲ್ಲ. ನಮ್ಮ ಹಾಸನದ ರೈತರೂ ಅದೇ ಅಂಗಮಾರಿಯ ಏಟು ತಿಂದವರು. ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆಗೆ ದುಡ್ಡು ಸುರಿದು, ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಎದೆ ಹಿಡಿದುಕೊಂಡು ಕೂರುತ್ತಾರೆ.

ಗಾಡಿಯ ಮುಂದೆ ಎರಡು ರೂಪಾಯಿಗೆ ಚೌಕಾಶಿ ಮಾಡುವಾಗ ಅವರ ಮುಖವೂ ಒಮ್ಮೆ ನೆನಪಾಗಲಿ.