ಕೃಷಿ ಸಂಶೋಧನೆಯ ಬಾಹ್ಯ ಮೌಲ್ಯಮಾಪನ (ವಿಜಯಪುರ)

ಕೃಷಿ ಸಂಶೋಧನೆಯ ಫಲಿತವನ್ನು ಹೊರಗಿನ ತಜ್ಞರಿಂದ ಅಳೆಯಿಸುವ ಪದ್ಧತಿ. ವಿಜಯಪುರದ ಒಣಬೇಸಾಯ ಸಂಶೋಧನೆ 1933ರಲ್ಲಿ, ಸೊಲ್ಲಾಪುರದ ಜೊತೆಜೊತೆಗೆ, ಆರಂಭವಾಯಿತು. 1970ರಲ್ಲಿ ಕೆನಡಾದ ನೆರವಿನಿಂದ ರೂಪುಗೊಂಡ ಅಖಿಲ ಭಾರತ ಸಂಘಟಿತ ಒಣಬೇಸಾಯ ಸಂಶೋಧನಾ ಯೋಜನೆಯಲ್ಲಿ ವಿಜಯಪುರವೂ ಒಂದು ಕೇಂದ್ರ. ಈಗ ಅದು ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಹಿಂಗಾರಿ ಜೋಳ, ಕಡಲೆ, ಕುಸುಬೆ, ಮಳೆನೀರು ಹಿಡಿದಿಡುವ ಚೌಕುಮಡಿ ಇದರ ಮುಖ್ಯ ವಿಷಯಗಳು.

ಇಂಥ ಯೋಜನೆಗಳನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ನೇಮಿಸುವ ಪಂಚವಾರ್ಷಿಕ ಪರಿಶೀಲನಾ ತಂಡಗಳು ಪರಿಶೀಲಿಸುತ್ತವೆ. ರಾಜ್ಯ ಸರ್ಕಾರದ ಯೋಜನೆಗಳ ದಾರಿ ಬೇರೆ: 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರದ ವ್ಯವಸ್ಥೆಯಲ್ಲಿ ಮೊದಲು ಕಾರ್ಯವ್ಯಾಪ್ತಿಯನ್ನು ಬರೆದು, ಬಳಿಕ ಸಲಹಾ ಸಂಸ್ಥೆಯನ್ನು ಆರಿಸಲಾಗುತ್ತದೆ. 

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದಲ್ಲಿ ಇಂಥ ಅಳತೆಯ ಕಷ್ಟ ಎದ್ದು ಕಾಣುತ್ತದೆ. ಒಂದು ಕಾಲಕ್ಕೆ ಮಳೆಯನ್ನೇ ನೆಚ್ಚಿದ್ದ ಈ ಎರಿನೆಲಕ್ಕೆ ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಬಂದಿದೆ. ತಿಕೋಟಾ ದ್ರಾಕ್ಷಿ, ಒಣದ್ರಾಕ್ಷಿಗೆ ಹೆಸರಾಗಿದೆ. ಆದಾಯ ಏರಿದ್ದರೆ ಅದು ಹೊಸ ತಳಿಯಿಂದಲೋ, ಕಾಲುವೆಯಿಂದಲೋ? ಇಳುವರಿಯನ್ನಷ್ಟೇ ಎಣಿಸಿದ ವರದಿ ಇದಕ್ಕೆ ಉತ್ತರಿಸಲಾರದು. ನೀರು ತಲುಪದ ನೆರೆಯ ಹೊಲಗಳನ್ನೂ ಹೋಲಿಕೆಗೆ ತೆಗೆದುಕೊಳ್ಳಬೇಕು, ಒಂದೇ ಹಂಗಾಮಿನ ಲೆಕ್ಕವನ್ನು ನೆಚ್ಚಬಾರದು. ಬರದ ವರ್ಷ ಬಂದ ಪರಿಶೀಲಕರಿಗೂ ಒಳ್ಳೆಯ ಮಳೆಯ ವರ್ಷ ಬಂದವರಿಗೂ ಅದೇ ಚೌಕುಮಡಿ ಬೇರೆಬೇರೆಯಾಗಿ ಕಂಡೀತು.